ಗೇ ಎಂದು ಸೇನೆ ಕಳಿಸಿಬಿಟ್ಟವರ ಜೊತೆ ನಿಮ್ಮ ಚರ್ಚ್, ನಿಮ್ಮ ದೇವಸ್ಥಾನ ನಿಲ್ಲುವುದು ಹೇಗೆ?

ಅಮೆರಿಕದಲ್ಲಿರುವ ಕನ್ನಡದ ಓದುಗರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: "ನಮ್ಮ ಚರ್ಚ್‌ಗೆ ಬರುವ ಹಿರಿಯರೊಬ್ಬರು ಹಿಂದೆ ನೇವಿಯಲ್ಲಿದ್ದರು. ಗೇ ಅಂತ ಗೊತ್ತಾಗಿ ಹೊರಗೆ ಹಾಕಿದರಂತೆ. ಈಗ ಆ ಕಾನೂನೇ ಇಲ್ಲವಲ್ಲ, ಎಲ್ಲ ಸರಿಹೋಯಿತು ಅಲ್ವಾ? ನಾವು ಮಾಡುವಂಥದ್ದು ಏನಾದರೂ ಉಳಿದಿದೆಯಾ?" ದೇವಸ್ಥಾನದ ಟ್ರಸ್ಟಿಗಳು ಕೇಳಿದ್ದಾರೆ, ಯುನಿಟೇರಿಯನ್ ಸಭೆಗೆ ಹೋಗುವವರೂ ಕೇಳಿದ್ದಾರೆ.

ಉಳಿದಿದೆ. ಕಾನೂನು ಹೋಯಿತು, ಆದರೆ ಆ ಕಾನೂನು ಬರೆಸಿದ ಕಾಗದ ಇನ್ನೂ ಜನರ ಕಪಾಟಿನಲ್ಲಿದೆ. ಅದನ್ನು ತಿದ್ದಿಸಿಕೊಡುವುದು ನಿಮ್ಮ ಸಭೆಯಿಂದ ಆಗುವ ಕೆಲಸ. ಮೆರವಣಿಗೆ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ಗುಟ್ಟು ಕಾಯುವ ಮೂರ್ನಾಲ್ಕು ಜನ ಇದ್ದರೆ ಸಾಕು.

ಪದದ ಬಗ್ಗೆ ಒಂದು ಮಾತು. ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು 'ಸಲಿಂಗಕಾಮಿ'. ಆ ಪದದಲ್ಲಿ ಮನುಷ್ಯನಿಗಿಂತ ಕಾಮವೇ ಮುಂದೆ ನಿಲ್ಲುತ್ತದೆ. ಅದಕ್ಕೇ ನಾನು ಗೇ, ಲೆಸ್ಬಿಯನ್ ಎಂದೇ ಬರೆಯುತ್ತೇನೆ. ಒಟ್ಟಾಗಿ ಹೇಳುವಾಗ ಸಲಿಂಗಿ ಎನ್ನುತ್ತೇನೆ. ನಿಮ್ಮ ಸಭೆಯಲ್ಲೂ ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ಎದುರಿಗೆ ಕೂತವರಿಗೆ ನಿಮ್ಮ ಬಾಯಿಂದ ಬರುವ ಮೊದಲ ಪದವೇ ನೀವು ಯಾರ ಕಡೆ ಎಂದು ಹೇಳಿಬಿಡುತ್ತದೆ.

1. ಏನು ನಡೆದಿತ್ತು ಎಂದು ತಿಳಿದುಕೊಳ್ಳಿ

ಇಷ್ಟು ಗೊತ್ತಿಲ್ಲದೆ ಕೆಲಸಕ್ಕೆ ಇಳಿಯಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಗೇ ಎಂದು ಅನುಮಾನ ಬಂದವರ ಕೈಗೆ ನೀಲಿ ಕಾಗದದ ಬಿಡುಗಡೆ ಪತ್ರ ಕೊಟ್ಟು ಕಳಿಸುತ್ತಿದ್ದರು. ಅದಕ್ಕೆ 'ಬ್ಲೂ ಡಿಸ್ಚಾರ್ಜ್' ಎಂದೇ ಹೆಸರು ಬಿತ್ತು. ಕಪ್ಪು ಜನಾಂಗದ ಸೈನಿಕರಿಗೂ ಸೇನೆಯಲ್ಲಿ ಅವರಿದ್ದ ಪ್ರಮಾಣಕ್ಕಿಂತ ಜಾಸ್ತಿ ಇದನ್ನು ಕೊಟ್ಟರು. 1947ರಲ್ಲಿ ನೀಲಿ ಕಾಗದ ನಿಂತಿತು, ಹೊರಹಾಕುವುದು ನಿಲ್ಲಲಿಲ್ಲ. 1982ರಲ್ಲಿ ರಕ್ಷಣಾ ಇಲಾಖೆ ಸಲಿಂಗ ಪ್ರೀತಿಗೂ ಸೇನೆಯ ಕೆಲಸಕ್ಕೂ ಹೊಂದುವುದಿಲ್ಲ ಎಂದು ನಿಯಮವನ್ನೇ ಬರೆದಿಟ್ಟಿತು. 1993ರಲ್ಲಿ ಬಂದದ್ದು 'ಡೋಂಟ್ ಆಸ್ಕ್, ಡೋಂಟ್ ಟೆಲ್'. ನಾವು ಕೇಳುವುದಿಲ್ಲ, ನೀವು ಹೇಳಬೇಡಿ, ಹೇಳಿದರೆ ಮನೆಗೆ ಎನ್ನುವ ಕಾನೂನು ಅದು. ಅದರ ಅಡಿಯಲ್ಲಿ 13,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಮಹಾಯುದ್ಧದಿಂದ ಲೆಕ್ಕ ಹಾಕಿದರೆ ಸುಮಾರು 1 ಲಕ್ಷ ಎಂಬ ಅಂದಾಜಿದೆ.

2010ರ ಡಿಸೆಂಬರ್ 18ರಂದು ಸೆನೆಟ್ 65-31 ಮತಗಳಿಂದ ಈ ಕಾನೂನನ್ನು ತೆಗೆಯಲು ಒಪ್ಪಿತು. ಅಧ್ಯಕ್ಷ ಒಬಾಮ 22ರಂದು ಸಹಿ ಹಾಕಿದರು. ನಿಜವಾಗಿ ಕಾನೂನು ಕೊನೆಯಾದದ್ದು 2011ರ ಸೆಪ್ಟೆಂಬರ್ 20ಕ್ಕೆ. ಈ ಕೊನೆಯ ತಾರೀಖನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಧರ್ಮದವರು ಎಲ್ಲಿದ್ದರು? ಎರಡೂ ಕಡೆ ಇದ್ದರು. ಕಾನೂನು ಇರಲಿ ಎಂದವರಲ್ಲಿ ಸದರ್ನ್ ಬ್ಯಾಪ್ಟಿಸ್ಟರಿದ್ದರು, ಸೇನೆಯ ಕ್ಯಾಥೊಲಿಕರನ್ನು ನೋಡಿಕೊಳ್ಳುವ ಆರ್ಚ್‌ಡಯಾಸಿಸ್ ಇತ್ತು. ತೆಗೆಯಿರಿ ಎಂದವರಲ್ಲಿ ರಿಫಾರ್ಮ್ ಯಹೂದಿಗಳು, ಯುನಿಟೇರಿಯನ್ ಯೂನಿವರ್ಸಲಿಸ್ಟರು, ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನವರು ಇದ್ದರು. ಇವರು ಆ ಮಾತಿಗೆ ಬಂದದ್ದು 2010ರಲ್ಲಿ ಅಲ್ಲ. ರೆವರೆಂಡ್ ಟ್ರಾಯ್ ಪೆರಿ 1968ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ತಮ್ಮ ಮನೆಯಲ್ಲೇ 12 ಜನರನ್ನು ಕೂರಿಸಿಕೊಂಡು ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್ ಶುರುಮಾಡಿದರು. ಅವರು ಸ್ವತಃ ಆರ್ಮಿಯಲ್ಲಿ ಕೆಲಸ ಮಾಡಿ ಬಂದವರು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 1972ರಲ್ಲೇ ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡ ಒಬ್ಬರಿಗೆ ಪಾದ್ರಿ ದೀಕ್ಷೆ ಕೊಟ್ಟಿತ್ತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಸಭೆಯಲ್ಲಿ ಯಾರಾದರೂ "ಧರ್ಮಕ್ಕೂ ಇದಕ್ಕೂ ಏನು ಸಂಬಂಧ" ಎಂದು ಕೇಳಿಯೇ ಕೇಳುತ್ತಾರೆ. ಈ ಜನರನ್ನು ಹೊರಗೆ ಹಾಕುವಾಗ ದೇವರ ಹೆಸರು ತಂದಿದ್ದರು. ಹಾಗಾಗಿ ಒಳಗೆ ಕರೆಯುವಾಗಲೂ ದೇವರ ಹೆಸರಿನವರೇ ಮುಂದೆ ಬರಬೇಕು. ಚರ್ಚ್‌ನ ಲೆಟರ್‌ಹೆಡ್‌ನಲ್ಲಿ ಬಂದ ಪತ್ರಕ್ಕೆ ಬೇರೆಯೇ ತೂಕ ಇರುವುದು ಇದರಿಂದಲೇ.

2. ನಿಮ್ಮ ಸಭೆಯನ್ನು ಸಿದ್ಧಮಾಡಿ

ಮೂರರಿಂದ ಐದು ಜನರ ಒಂದು ಗುಂಪು ಮಾಡಿ. ಒಬ್ಬರು ಕಾಗದಪತ್ರ ಓದಿ ಅಭ್ಯಾಸ ಇರುವವರಾಗಿರಲಿ, ಒಬ್ಬರು ಸೇನೆಯಲ್ಲಿ ಇದ್ದು ಬಂದವರಾದರೆ ಇನ್ನೂ ಒಳ್ಳೆಯದು. ಪಾಸ್ಟರ್ ಅಥವಾ ಟ್ರಸ್ಟಿಗಳಿಂದ ಬಾಯಿಮಾತಿನ ಒಪ್ಪಿಗೆ ಸಾಲದು. ಸಭೆಯ ನಡಾವಳಿಯಲ್ಲಿ ಒಂದು ಸಾಲಿನ ನಿರ್ಣಯ ಬರೆಸಿ. ನಾಳೆ ಪಾಸ್ಟರ್ ಬದಲಾದರೂ ಕೆಲಸ ನಿಲ್ಲುವುದಿಲ್ಲ. ನಿಮ್ಮ ಮೇಲಿನ ಸಂಸ್ಥೆ ಈಗಾಗಲೇ ನಿರ್ಣಯ ಮಾಡಿದ್ದರೆ ಅದನ್ನೇ ಜೊತೆಗೆ ಇಡಿ. ಹಿಂದೂ ದೇವಸ್ಥಾನಗಳಿಗೆ ಅಂಥ ಮೇಲಿನ ಸಂಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ಟ್ರಸ್ಟಿಗಳ ನಿರ್ಣಯವೇ ಸಾಕು.

ಇಲ್ಲಿ ಆಗುವ ದೊಡ್ಡ ತಪ್ಪು: ಒಳ್ಳೆ ಮನಸ್ಸಿನಿಂದಲೇ ಯಾರದೋ ಹೆಸರು ಬಾಯಿಬಿಡುವುದು. "ನಮ್ಮ ಇಂಥವರಿಗೆ ಸಹಾಯ ಮಾಡೋಣ" ಎಂದು ಪ್ರಾರ್ಥನೆಯಲ್ಲಿ ಹೆಸರು ಹೇಳಿದರೆ ಮುಗಿಯಿತು. ಆ ಮನುಷ್ಯ ಮಕ್ಕಳಿಗೂ ಹೇಳಿಕೊಂಡಿರಲಿಕ್ಕಿಲ್ಲ. ಗುಂಪಿನ ಪ್ರತಿಯೊಬ್ಬರೂ ಗುಟ್ಟು ಕಾಯುತ್ತೇವೆ ಎಂದು ಸಹಿ ಹಾಕಲಿ. ಕಾಗದಗಳನ್ನು ಬೀಗದಲ್ಲಿಡಿ, ವಾಟ್ಸಾಪ್ ಗುಂಪಿಗೆ ಫೋಟೋ ಹಾಕಬೇಡಿ.

3. ಹುಡುಕಿಕೊಂಡು ಹೋಗಬೇಡಿ, ಬಾಗಿಲು ತೆರೆದಿಡಿ

ನಿಮ್ಮ ಸಭೆಯ ಪತ್ರಿಕೆಯಲ್ಲಿ, ನೋಟಿಸ್ ಬೋರ್ಡ್‌ನಲ್ಲಿ ಎರಡು ಸಾಲು ಹಾಕಿ: ಸೇನೆಯ ಬಿಡುಗಡೆ ಪತ್ರ ತಿದ್ದಿಸಿಕೊಳ್ಳಲು ನೆರವು ಬೇಕಿದ್ದವರು, ಯಾವ ಕಾರಣಕ್ಕೇ ಆಗಲಿ, ಇಂಥವರನ್ನು ಕಾಣಬಹುದು. "ಯಾವ ಕಾರಣಕ್ಕೇ ಆಗಲಿ" ಎನ್ನುವುದು ಮುಖ್ಯ. ಆಗ ನಿಮ್ಮ ಕೋಣೆಗೆ ಬಂದವರನ್ನು ನೋಡಿ ಯಾರೂ ಕಾರಣ ಊಹಿಸಲು ಆಗುವುದಿಲ್ಲ.

ನವೆಂಬರ್ 11ರ ವೆಟರನ್ಸ್ ಡೇ ಹತ್ತಿರ ಹಾಕಿದರೆ ಜನ ಬರುತ್ತಾರೆ. ಮೊದಲ ದಿನ ಸುಮ್ನೆ ಕೇಳಿಸಿಕೊಳ್ಳಿ. ಫಾರ್ಮ್ ತೆಗೆಯಬೇಡಿ. ಎಷ್ಟೋ ಜನರಿಗೆ ನಲವತ್ತು ವರ್ಷದ ಹಿಂದಿನ ವಿಚಾರಣೆಯ ಕೋಣೆ ಇನ್ನೂ ಕಣ್ಣಮುಂದೆ ಇರುತ್ತದೆ. ಮನಸ್ಸು ತುಂಬಾ ಕುಸಿದಿದೆ ಅನ್ನಿಸಿದರೆ 988ಕ್ಕೆ ಫೋನ್ ಮಾಡಿ 1 ಒತ್ತಲು ಹೇಳಿ. ಅದು ಮಾಜಿ ಸೈನಿಕರಿಗೆಂದೇ ಇರುವ ಹಗಲು-ರಾತ್ರಿಯ ಲೈನ್.

4. ಡಿಡಿ-214 ಓದಲು ಕಲಿಯಿರಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ಡಿಸ್ಚಾರ್ಜ್ ಅಂದರೆ ಇಲ್ಲಿ ಸೇನೆಯ ಕೆಲಸದಿಂದ ಬಿಡುಗಡೆ. ಹಾಗೆ ಬಿಡುಗಡೆಯಾದಾಗ ಕೊಡುವ ಒಂದು ಹಾಳೆಯ ಪತ್ರವೇ ಡಿಡಿ-214. ಕೆಲಸಕ್ಕೆ ಅರ್ಜಿ ಹಾಕುವಾಗ, ಮನೆ ಸಾಲ ಕೇಳುವಾಗ, ಮಾಜಿ ಸೈನಿಕರ ಆಸ್ಪತ್ರೆಗೆ ಹೋಗುವಾಗ, ಕೊನೆಗೆ ಹೂಳುವ ಜಾಗ ಕೇಳುವಾಗಲೂ ಇದನ್ನೇ ತೋರಿಸಬೇಕು.

ನಮ್ಮ ಸಭೆಯಲ್ಲಿ ಮೊದಲ ಸಲ ಒಬ್ಬರು ಇದನ್ನು ತಂದಾಗ ಹಾಳೆಯ ಕೆಳಗಿನ ನಾಲ್ಕು ಬೆರಳಗಲದ ಪಟ್ಟಿಯನ್ನು ಹಿಂದಕ್ಕೆ ಮಡಚಿಟ್ಟಿದ್ದರು. ಮಡಿಕೆ ಸವೆದು ಹರಿಯುವ ಹಾಗಾಗಿತ್ತು. ಎಲ್ಲಿಗೆ ಕೊಡಬೇಕಾದರೂ ಅಷ್ಟನ್ನು ಮಡಚಿಯೇ ಜೆರಾಕ್ಸ್ ಮಾಡಿಸುತ್ತಿದ್ದರಂತೆ. ಕೆಲವು ಕೆಲಸಗಳಿಗೆ ಅರ್ಧ ಹಾಳೆ ಆಗುವುದಿಲ್ಲ ಎಂದಾಗ ಅರ್ಜಿಯನ್ನೇ ವಾಪಸ್ ತೆಗೆದುಕೊಂಡಿದ್ದರು.

ಆ ಕೆಳಗಿನ ಪಟ್ಟಿಯಲ್ಲಿ ಏನಿದೆ? ಈಗಿನ ಫಾರ್ಮ್‌ನಲ್ಲಿ 24ನೇ ಚೌಕದಲ್ಲಿ ಸೇವೆಯ ದರ್ಜೆ ಇರುತ್ತದೆ. ಎಲ್ಲಕ್ಕಿಂತ ಮೇಲಿನದು ಆನರಬಲ್, ಅಂದರೆ ಗೌರವದ ಬಿಡುಗಡೆ. ಅದರ ಕೆಳಗೆ ಜನರಲ್, ಅದಕ್ಕೂ ಕೆಳಗೆ ಅದರ್ ದ್ಯಾನ್ ಆನರಬಲ್. ಬ್ಯಾಡ್ ಕಂಡಕ್ಟ್ ಮತ್ತು ಡಿಸಾನರಬಲ್ ಎಂಬುವು ಸೇನಾ ನ್ಯಾಯಾಲಯ, ಅಂದರೆ ಕೋರ್ಟ್ ಮಾರ್ಷಲ್, ಕೊಡುವ ಶಿಕ್ಷೆಗಳು. 26ರಲ್ಲಿ ಒಂದು ಕೋಡ್, 27ರಲ್ಲಿ ಮತ್ತೆ ಸೇನೆಗೆ ಸೇರಬಹುದೇ ಇಲ್ಲವೇ ಎಂಬ ಕೋಡ್. 28ನೇ ಚೌಕದಲ್ಲಿ ಕಾರಣವನ್ನು ಅಕ್ಷರಗಳಲ್ಲೇ ಬರೆದಿರುತ್ತಾರೆ. 'ಹೋಮೋಸೆಕ್ಶುಯಲ್ ಕಂಡಕ್ಟ್', 'ಹೋಮೋಸೆಕ್ಶುಯಲ್ ಅಡ್ಮಿಷನ್' ಎಂಬ ಪದಗಳು ಕೂರುವುದು ಅಲ್ಲೇ. ಹಳೇ ಫಾರ್ಮ್‌ಗಳಲ್ಲಿ ಚೌಕದ ನಂಬರ್ ಬೇರೆ ಇರುತ್ತದೆ, ವಿಷಯ ಅದೇ.

ಜನ ಎಡವುವುದು ಇಲ್ಲಿ ಎರಡು ಕಡೆ. ಮೊದಲನೆಯದು: "ಅವರದು ಆನರಬಲ್ ಇದೆ, ತೊಂದರೆ ಇಲ್ಲ" ಎಂದುಕೊಳ್ಳುವುದು. ಡೋಂಟ್ ಆಸ್ಕ್ ಕಾಲದಲ್ಲಿ ಬಹಳ ಜನರಿಗೆ ಆನರಬಲ್ ಎಂದೇ ಕೊಟ್ಟಿದ್ದಾರೆ. ಆದರೆ 28ನೇ ಚೌಕ ಹಾಗೇ ಇದೆ. ಹೊಸ ಕೆಲಸದ ಮ್ಯಾನೇಜರ್ ಮುಂದೆ ಆ ಹಾಳೆ ಇಟ್ಟರೆ ನಿಮ್ಮ ಜೀವನದ ಖಾಸಗಿ ವಿಷಯವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅದೇ ಹೇಳಿಬಿಡುತ್ತದೆ. ಅದನ್ನು ತಿದ್ದಿಸಲು ಅವರಿಗೂ ಹಕ್ಕಿದೆ.

ಎರಡನೆಯದು: ಡಿಡಿ-214ರಲ್ಲಿ ಚಿಕ್ಕ ಪ್ರತಿ, ಪೂರ್ತಿ ಪ್ರತಿ ಎಂದು ಎರಡು ಥರ ಇವೆ. ಚಿಕ್ಕ ಪ್ರತಿಯಲ್ಲಿ ಈ ಕೆಳಗಿನ ಚೌಕಗಳೇ ಇರುವುದಿಲ್ಲ. ಅದನ್ನು ನೋಡಿ ಏನೂ ಇಲ್ಲ ಎಂದು ತೀರ್ಮಾನಿಸಬೇಡಿ. 'ಮೆಂಬರ್-4' ಎಂದು ಕೆಳಗೆ ಅಚ್ಚಾಗಿರುವ ಪ್ರತಿಯನ್ನೇ ಕೇಳಿ.

5. ದಾಖಲೆ ಕಳೆದಿದ್ದರೆ ತರಿಸಿ

ಹರಿದು ಹಾಕಿದವರಿದ್ದಾರೆ, ಸುಟ್ಟವರಿದ್ದಾರೆ. ತೊಂದರೆ ಇಲ್ಲ. ಎಸ್‌ಎಫ್-180 ಎಂಬ ಫಾರ್ಮ್ ತುಂಬಿ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಕಳಿಸಿದರೆ ಪ್ರತಿ ಬರುತ್ತದೆ. ಆನ್‌ಲೈನಿನಲ್ಲೂ ಕೇಳಬಹುದು. ಮಾಜಿ ಸೈನಿಕರು ಬದುಕಿದ್ದರೆ ಅವರ ಸಹಿ ಬೇಕೇ ಬೇಕು. ಬರೀ ಡಿಡಿ-214 ಕೇಳಬೇಡಿ, ಇಡೀ ಸೇವಾ ಕಡತವನ್ನೇ ಕೇಳಿ. ಪದಕಗಳು, ಮೇಲಧಿಕಾರಿ ಬರೆದ ಒಳ್ಳೆ ಮಾತು, ವಿಚಾರಣೆಯ ಟಿಪ್ಪಣಿ ಎಲ್ಲ ಅದರಲ್ಲೇ ಇರುತ್ತವೆ.

1973ರ ಜುಲೈ 12ರಂದು ಆ ಕೇಂದ್ರಕ್ಕೆ ಬೆಂಕಿ ಬಿತ್ತು. 1912ರಿಂದ 1960ರ ನಡುವೆ ಬಿಡುಗಡೆಯಾದ ಆರ್ಮಿಯವರ ಕಡತಗಳಲ್ಲಿ ಶೇ. 80ರಷ್ಟು ಬೂದಿಯಾದವು, ಏರ್‌ಫೋರ್ಸ್‌ನವರದೂ ಬಹಳಷ್ಟು ಹೋಯಿತು. ಉತ್ತರವಾಗಿ "ದಾಖಲೆ ಇಲ್ಲ" ಎಂದು ಬಂದರೆ ಅಲ್ಲಿಗೆ ಕೈಬಿಡಬೇಡಿ. ಹಳೇ ಫೋಟೋ, ಮನೆಗೆ ಬರೆದ ಪತ್ರ, ಜೊತೆಗಿದ್ದವರ ಹೇಳಿಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

6. ಯಾವ ಬಾಗಿಲು ತಟ್ಟಬೇಕು?

ಎರಡು ಬಾಗಿಲುಗಳಿವೆ. ಒಂದು ಡಿಸ್ಚಾರ್ಜ್ ರಿವ್ಯೂ ಬೋರ್ಡ್, ಫಾರ್ಮ್ ಡಿಡಿ-293. ಬಿಡುಗಡೆಯಾಗಿ 15 ವರ್ಷದೊಳಗೆ ಇಲ್ಲಿಗೆ ಅರ್ಜಿ ಹಾಕಬೇಕು. ಈಗ ಆ ತಾರೀಖು ನೆನಪಿಸಿಕೊಳ್ಳಿ. ಕಾನೂನು ಕೊನೆಯಾದದ್ದು 2011ರ ಸೆಪ್ಟೆಂಬರ್ 20ಕ್ಕೆ. ಅಂದರೆ ಕಟ್ಟಕಡೆಗೆ ಹೊರಬಿದ್ದವರಿಗೂ 2026ರ ಸೆಪ್ಟೆಂಬರ್‌ಗೆ ಈ ಬಾಗಿಲು ಮುಚ್ಚುತ್ತದೆ. ಅದಕ್ಕೂ ಮುಂಚೆ ಹೊರಬಂದವರಿಗೆ ಅವರವರ 15 ವರ್ಷ ಮುಗಿದ ದಿನವೇ ಮುಚ್ಚುತ್ತದೆ.

ಇನ್ನೊಂದು ದಾಖಲೆ ತಿದ್ದುವ ಬೋರ್ಡ್, ಫಾರ್ಮ್ ಡಿಡಿ-149. ಆರ್ಮಿಗೆ ಒಂದು, ಏರ್‌ಫೋರ್ಸ್‌ಗೆ ಒಂದು. ನೇವಿ ಮತ್ತು ಮರೀನ್ಸ್‌ಗೆ ಸೇರಿ ಒಂದು, ಕೋಸ್ಟ್ ಗಾರ್ಡ್‌ಗೆ ಬೇರೆ. ನಿಮ್ಮ ಬಳಿ ಬರುವವರಲ್ಲಿ ಹೆಚ್ಚಿನವರು ಬರಬೇಕಾದದ್ದು ಇಲ್ಲಿಗೇ. ಫಾರ್ಮ್‌ನಲ್ಲಿ ತಪ್ಪು ಗೊತ್ತಾಗಿ 3 ವರ್ಷದೊಳಗೆ ಅರ್ಜಿ ಹಾಕಬೇಕು ಎಂದಿದೆ. ಅದನ್ನು ಓದಿದ ಕೂಡಲೇ ಜನ ಪೆನ್ ಕೆಳಗಿಡುತ್ತಾರೆ. ಇಡಬೇಡಿ. ನ್ಯಾಯದ ದೃಷ್ಟಿಯಿಂದ ಈ ಅವಧಿಯನ್ನು ಮನ್ನಿಸುವ ಅಧಿಕಾರ ಬೋರ್ಡಿಗಿದೆ. ತಡವಾದದ್ದು ಯಾಕೆ ಎಂದು ಕೇಳುವ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ನಾಚಿಕೆ ಆಗಿತ್ತು, ಹೆದರಿಕೆ ಇತ್ತು, ಇಂಥ ದಾರಿ ಇದೆ ಎಂದೇ ಗೊತ್ತಿರಲಿಲ್ಲ.

ಅರ್ಜಿಗೆ ಶುಲ್ಕ ಇಲ್ಲ. ಹಣ ಕೊಡಿ, ಬೇಗ ಮಾಡಿಸಿಕೊಡುತ್ತೇವೆ ಎನ್ನುವವರಿಂದ ದೂರ ಇರಿ. ಹಾಗೇ ಇನ್ನೊಂದು ಸುಳ್ಳು ಸೇನೆಯಲ್ಲಿ ತಲೆಮಾರುಗಳಿಂದ ಓಡಾಡುತ್ತಿದೆ: ಆರು ತಿಂಗಳಾದ ಮೇಲೆ ಕೆಟ್ಟ ಡಿಸ್ಚಾರ್ಜ್ ತಾನಾಗಿ ಒಳ್ಳೆಯದಾಗುತ್ತದಂತೆ. ಆಗುವುದಿಲ್ಲ. ಯಾವತ್ತೂ ಆಗಿರಲಿಲ್ಲ. ಇದನ್ನು ನಂಬಿ ಹತ್ತಿಪ್ಪತ್ತು ವರ್ಷ ಕಾದವರಿದ್ದಾರೆ.

7. ಅರ್ಜಿಯಲ್ಲಿ ಏನು ಕೇಳಬೇಕು

ಕಾನೂನು ಕೊನೆಯಾದ ದಿನವೇ ರಕ್ಷಣಾ ಇಲಾಖೆಯ ಅಧೀನ ಕಾರ್ಯದರ್ಶಿ ಕ್ಲಿಫರ್ಡ್ ಸ್ಟಾನ್ಲಿ ಬೋರ್ಡ್‌ಗಳಿಗೆ ಒಂದು ಸೂಚನೆ ಕಳಿಸಿದರು. ಅದನ್ನು 'ಸ್ಟಾನ್ಲಿ ಮೆಮೊ' ಎನ್ನುತ್ತಾರೆ. ಬಿಡುಗಡೆಗೆ ಡೋಂಟ್ ಆಸ್ಕ್ ಅಥವಾ ಅದಕ್ಕಿಂತ ಹಿಂದಿನ ಅಂಥದ್ದೇ ನಿಯಮ ಮಾತ್ರ ಕಾರಣವಾಗಿದ್ದು, ದುರ್ನಡತೆಯಂಥ ಬೇರೆ ಗಂಭೀರ ಆರೋಪ ಇಲ್ಲದಿದ್ದರೆ ಸಾಮಾನ್ಯವಾಗಿ ಅರ್ಜಿ ಒಪ್ಪಬೇಕು ಎನ್ನುವುದು ಅದರ ಸಾರ. ಅದರ ಹೆಸರು, ತಾರೀಖು ಎರಡನ್ನೂ ಅರ್ಜಿಯಲ್ಲಿ ಬರೆಯಿರಿ. ಆಮೇಲೆ ಮೂರನ್ನೂ ಬಿಡದೆ ಕೇಳಿ: 28ನೇ ಚೌಕದ ಕಾರಣ 'ಸೆಕ್ರೆಟೇರಿಯಲ್ ಅಥಾರಿಟಿ' ಎಂದು ಬದಲಾಗಲಿ, ಜೊತೆಗೆ ಅದರ ಕೋಡ್ ಕೂಡ, ದರ್ಜೆ ಆನರಬಲ್ ಆಗಲಿ, ಮರುಸೇರ್ಪಡೆಯ ಕೋಡ್ ಆರ್‌ಇ-1 ಆಗಲಿ. ಎಪ್ಪತ್ತರ ಅಜ್ಜ ಮತ್ತೆ ಆರ್ಮಿ ಸೇರುತ್ತಾರಾ ಎಂದು ಮೂರನೆಯದನ್ನು ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ. ಇವನು ಬೇಡ ಎಂದು ಬರೆದಿದ್ದ ಕೋಡ್ ಅದು, ಅಳಿಸಿಹೋಗಲಿ.

ಬೇರೆ ಆರೋಪ ಸೇರಿಕೊಂಡಿದ್ದರೆ ನೀವೇ ಮುಂದುವರಿಯಬೇಡಿ, ವಕೀಲರ ಹತ್ತಿರ ಕಳಿಸಿ. ಮಾಜಿ ಸೈನಿಕರಿಗೆ ಉಚಿತವಾಗಿ ವಾದಿಸುವ ಕಾನೂನು ಶಾಲೆಗಳ ಕ್ಲಿನಿಕ್‌ಗಳು ಹಲವು ರಾಜ್ಯಗಳಲ್ಲಿವೆ. ಎಷ್ಟೋ ಸಲ ಆ 'ಬೇರೆ ಆರೋಪ'ವೂ ಅದೇ ದ್ವೇಷದಿಂದ ಹುಟ್ಟಿದ್ದೇ ಆಗಿರುತ್ತದೆ. ಅದನ್ನು ಬಿಡಿಸಿ ತೋರಿಸಲು ಅನುಭವ ಬೇಕು.

ಕೋರ್ಟ್ ಮಾರ್ಷಲ್ ಆಗಿ ಶಿಕ್ಷೆ ಅನುಭವಿಸಿದವರ ವಿಷಯ ಬೇರೆ. 2024ರ ಜೂನ್ 26ರಂದು ಅಧ್ಯಕ್ಷ ಬೈಡನ್ ಒಂದು ಕ್ಷಮಾದಾನ ಹೊರಡಿಸಿದರು. ಸೇನಾ ಕಾನೂನಿನ ಹಳೇ 125ನೇ ಕಲಮಿನಡಿ, 1951ರಿಂದ 2013ರ ನಡುವೆ, ವಯಸ್ಕರ ನಡುವಿನ ಒಪ್ಪಿಗೆಯ ಖಾಸಗಿ ಸಂಬಂಧಕ್ಕೆ ಶಿಕ್ಷೆ ಆದವರಿಗೆ ಅದು ಅನ್ವಯ. ಕ್ಷಮೆಯ ಪ್ರಮಾಣಪತ್ರಕ್ಕೆ ಅವರವರ ಸೇನಾ ವಿಭಾಗಕ್ಕೆ ಅರ್ಜಿ ಕೊಡಬೇಕು. ಪ್ರಮಾಣಪತ್ರ ಬಂದರೂ ಡಿಸ್ಚಾರ್ಜ್ ತಾನಾಗಿ ಬದಲಾಗುವುದಿಲ್ಲ. ಅದನ್ನು ಲಗತ್ತಿಸಿ ಬೋರ್ಡಿಗೆ ಮತ್ತೊಂದು ಅರ್ಜಿ ಹಾಕಬೇಕು.

"ಸರ್ಕಾರವೇ ಎಲ್ಲರದ್ದೂ ತಿದ್ದಿತಂತಲ್ಲ" ಎಂದು ಕೆಲವರು ಬರೆಯುತ್ತಾರೆ. 2023ರಲ್ಲಿ ರಕ್ಷಣಾ ಇಲಾಖೆ ತಾನಾಗಿಯೇ ಕಡತ ನೋಡಲು ಹೊರಟದ್ದು ನಿಜ. 2024ರ ಅಕ್ಟೋಬರ್ ಹೊತ್ತಿಗೆ 800ಕ್ಕೂ ಹೆಚ್ಚು ಜನರ ದರ್ಜೆ ಮೇಲೇರಿಸಿತು. ಆದರೆ ನೋಡಿದ್ದು ಡೋಂಟ್ ಆಸ್ಕ್ ಕಾಲದವರದ್ದನ್ನು. 1993ಕ್ಕಿಂತ ಹಿಂದೆ ಹೊರಬಿದ್ದವರು, ಅಂದರೆ ಈಗ ಎಲ್ಲರಿಗಿಂತ ವಯಸ್ಸಾದವರು, ಆ ಲೆಕ್ಕದಲ್ಲಿ ಇರಲಿಲ್ಲ. ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಮಾಜಿ ಸೈನಿಕರು 2023ರಲ್ಲಿ ಹೂಡಿದ ಸಾಮೂಹಿಕ ದಾವೆ 2025ರಲ್ಲಿ ರಾಜಿಯಾಗಿದೆ. ನಿಮ್ಮ ಬಳಿ ಬಂದವರು ಆ ಗುಂಪಿಗೆ ಸೇರುತ್ತಾರಾ ಎಂದು ವಕೀಲರನ್ನು ಕೇಳಿ. ಸೇರಿದರೆ ದಾರಿ ಸುಲಭವಾಗುತ್ತದೆ.

8. ಪಾಸ್ಟರ್ ಪತ್ರ

ಬೇರೆ ಯಾರೂ ಮಾಡಲಾಗದ, ನಿಮ್ಮ ಸಭೆ ಮಾತ್ರ ಮಾಡಬಹುದಾದ ಕೆಲಸ ಇದು. ಅರ್ಜಿಯ ಜೊತೆಗೆ ಒಂದು ಪುಟದ ಪತ್ರ. ಬರೆದವರು ಯಾರು, ಈ ವ್ಯಕ್ತಿಯನ್ನು ಎಷ್ಟು ವರ್ಷದಿಂದ ಬಲ್ಲರು, ಕಣ್ಣಾರೆ ಕಂಡ ಎರಡು-ಮೂರು ಸಂಗತಿಗಳು, ಕೊನೆಗೆ ಬೋರ್ಡಿಗೆ ನೇರವಾದ ಒಂದು ಕೋರಿಕೆ. "ಇವರು ಒಳ್ಳೆಯವರು, ದಯಾಳು" ಎಂದು ಬರೆದರೆ ಬೋರ್ಡಿನವರ ಕಣ್ಣು ಜಾರಿ ಮುಂದೆ ಹೋಗುತ್ತದೆ. "ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಬೆಳಿಗ್ಗೆ ಆರಕ್ಕೆ ಬಂದು ನಮ್ಮ ಅಡುಗೆಮನೆಯ ಬೀಗ ತೆಗೆಯುವವರು ಇವರೇ, ಆ ದಿನ ಊಟಕ್ಕೆ ಬರುವವರಲ್ಲಿ ಸೂರಿಲ್ಲದ ಮಾಜಿ ಸೈನಿಕರೂ ಇರುತ್ತಾರೆ" ಎಂದು ಬರೆದರೆ ನಿಲ್ಲುತ್ತದೆ.

ಒಂದು ಮಾತನ್ನು ಮಾತ್ರ ಬರೆಯಲೇಬೇಡಿ: ಕ್ಷಮೆ. "ದೇವರು ಇವರ ತಪ್ಪನ್ನು ಕ್ಷಮಿಸಿದ್ದಾನೆ", "ಈಗ ಬದಲಾಗಿದ್ದಾರೆ" ಎಂಬ ಸಾಲುಗಳು ಕರುಣೆಯಂತೆ ಕಾಣುತ್ತವೆ. ಓದುವವರಿಗೆ ಮಾತ್ರ ತಪ್ಪು ನಡೆದಿತ್ತು ಎಂಬ ಒಪ್ಪಿಗೆಯಾಗಿ ಕಾಣುತ್ತದೆ. ಇಲ್ಲಿ ತಪ್ಪು ಮಾಡಿದ್ದು ನಿಯಮ. ಪತ್ರದ ಕರಡನ್ನು ಮೊದಲು ಆ ವ್ಯಕ್ತಿಗೇ ಓದಿಸಿ. ಅವರು ಬೇಡ ಎಂದ ಸಾಲು ತೆಗೆದುಹಾಕಿ, ಎಷ್ಟೇ ಚೆನ್ನಾಗಿದ್ದರೂ ಸರಿ.

ನಿಮ್ಮ ಸಭೆಯೇ ಹಿಂದೆ ಇವರನ್ನು ದೂರ ಇಟ್ಟಿತ್ತಾ? ಹಾಗಿದ್ದರೆ ಅದನ್ನು ಬೋರ್ಡಿಗೆ ಬರೆಯಬೇಡಿ. ಅವರ ಮುಂದೆ ಕೂತು ಹೇಳಿ. ಪತ್ರಕ್ಕಿಂತ ಮುಂಚೆ ಆಗಬೇಕಾದ ಮಾತು ಅದು.

9. ಕಾಯುವಾಗ ಸುಮ್ಮನೆ ಕೂರಬೇಡಿ

ಬೋರ್ಡಿನ ಉತ್ತರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಒಮ್ಮೊಮ್ಮೆ ವರ್ಷಕ್ಕೂ ಜಾಸ್ತಿ. ಅಷ್ಟರಲ್ಲಿ ಮಾಜಿ ಸೈನಿಕರ ಇಲಾಖೆಗೆ, ಅಂದರೆ ವಿಎಗೆ, ಬೇರೆಯಾಗಿ ಅರ್ಜಿ ಹಾಕಿಸಿ. ಡಿಸ್ಚಾರ್ಜ್ ಮೇಲೇರುವ ತನಕ ಚಿಕಿತ್ಸೆ ಸಿಗುವುದಿಲ್ಲ ಎಂದು ಬಹಳ ಜನ ತಪ್ಪು ತಿಳಿದಿದ್ದಾರೆ. ಅದರ್ ದ್ಯಾನ್ ಆನರಬಲ್ ಇದ್ದವರ ಅರ್ಹತೆಯನ್ನು ವಿಎ ತಾನೇ ಪ್ರತ್ಯೇಕವಾಗಿ ತೀರ್ಮಾನಿಸುತ್ತದೆ. ಸಲಿಂಗಿ ಎಂಬ ಕಾರಣಕ್ಕೆ ಹೊರಬಿದ್ದವರಿಗೆ ಬಾಗಿಲು ಮುಚ್ಚಬಾರದು ಎಂದು 2021ರಲ್ಲಿ ತನ್ನ ಸಿಬ್ಬಂದಿಗೆ ಸ್ಪಷ್ಟಪಡಿಸಿದೆ. ಓದಿನ ಸೌಲಭ್ಯಕ್ಕೆ ಮಾತ್ರ ಆನರಬಲ್ ಬೇಕೇ ಬೇಕು, ಜನರಲ್ ಇದ್ದರೂ ಆಗುವುದಿಲ್ಲ.

ಅರ್ಜಿ ಎಲ್ಲೋ ಸಿಕ್ಕಿಕೊಂಡಿದೆ ಅನ್ನಿಸಿದರೆ ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಗೆ ಹೋಗಿ. ಅಲ್ಲಿ ಕೇಸ್‌ವರ್ಕರ್ ಎಂದು ಒಬ್ಬರಿರುತ್ತಾರೆ. ಜನರ ಪರವಾಗಿ ಸರ್ಕಾರಿ ಇಲಾಖೆಗಳನ್ನು ವಿಚಾರಿಸುವುದೇ ಅವರ ಕೆಲಸ. ಅರ್ಜಿದಾರರು ಒಂದು ಖಾಸಗಿತನದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರೆ ಸಾಕು.

10. ಕಾನೂನು ಮಾಡುವವರ ಹತ್ತಿರ ಮಾತಾಡುವುದು

"ಚರ್ಚ್ ರಾಜಕೀಯ ಮಾಡಿದರೆ ತೆರಿಗೆ ವಿನಾಯಿತಿ ಹೋಗುತ್ತದಂತಲ್ಲ?" ಈ ಭಯ ನಮ್ಮ ದೇವಸ್ಥಾನದ ಕಮಿಟಿಗಳಲ್ಲಿ ಜಾಸ್ತಿ. 501(ಸಿ)(3) ಎಂಬ ತೆರಿಗೆ ವಿನಾಯಿತಿ ಇರುವ ಸಂಸ್ಥೆ ಚುನಾವಣೆಯಲ್ಲಿ ಅಭ್ಯರ್ಥಿಯ ಪರ ಅಥವಾ ವಿರುದ್ಧ ಪ್ರಚಾರ ಮಾಡುವಂತಿಲ್ಲ. ಆದರೆ ಒಂದು ವಿಷಯದ ಬಗ್ಗೆ, ಒಂದು ಮಸೂದೆಯ ಬಗ್ಗೆ ಮಾತಾಡಬಹುದು. ಅದು ಸಂಸ್ಥೆಯ ಒಟ್ಟು ಕೆಲಸದಲ್ಲಿ ದೊಡ್ಡ ಪಾಲಾಗಬಾರದು, ಅಷ್ಟೇ.

ನಾಲ್ಕು ಜನ ಹೋಗಿ. ಹದಿನೈದು-ಇಪ್ಪತ್ತು ನಿಮಿಷ ಸಿಗುತ್ತದೆ. ಒಂದೇ ಕೋರಿಕೆ ಇಟ್ಟುಕೊಳ್ಳಿ, ಒಂದು ಪುಟದಲ್ಲಿ ಬರೆದುಕೊಡಿ, ವಾರದೊಳಗೆ ಧನ್ಯವಾದದ ಪತ್ರ ಕಳಿಸಿ. ಮಾಜಿ ಸೈನಿಕರನ್ನು ಪ್ರದರ್ಶನಕ್ಕಿಟ್ಟ ಹಾಗೆ ಕರೆದೊಯ್ಯಬೇಡಿ. ಅವರೇ ಬರುತ್ತೇನೆ, ನಾನೇ ಮಾತಾಡುತ್ತೇನೆ ಎಂದರೆ ಮಾತ್ರ ಸರಿ.

ಚಾಪ್ಲಿನ್‌ಗಳ ಪ್ರಶ್ನೆ ಬಂದೇ ಬರುತ್ತದೆ. ಚಾಪ್ಲಿನ್ ಅಂದರೆ ಸೇನೆಯೊಳಗಿನ ಧರ್ಮಗುರು. ಅವರಿಗೆ ಯೋಗ್ಯತೆಯ ಮುದ್ರೆ ಒತ್ತುವುದು ಅವರವರ ಧರ್ಮದ ಸಂಸ್ಥೆ. ಗೇ ಮದುವೆ ಮಾಡಿಸಿ ಎಂದು ಅವರನ್ನು ಯಾರೂ ಬಲವಂತ ಮಾಡುವಂತಿಲ್ಲ, ಕಾನೂನಿನಲ್ಲೇ ಹಾಗಿದೆ. 2010ರಲ್ಲಿ ರಕ್ಷಣಾ ಇಲಾಖೆ ಅಧ್ಯಯನ ನಡೆಸಿದಾಗ ಚರ್ಚೆಗೆ ಕೂತ ಸುಮಾರು 145 ಚಾಪ್ಲಿನ್‌ಗಳಲ್ಲಿ ನಿಷೇಧ ತೆಗೆದರೆ ಸೇನೆ ಬಿಡುತ್ತೇವೆ ಎಂದವರು ಮೂವರು. ಈ ಸಂಖ್ಯೆ ಕೈಯಲ್ಲಿರಲಿ.

11. ತೀರಿಹೋದವರಿಗೂ ಅರ್ಜಿ ಹಾಕಬಹುದು

ಉಳಿದ ಗಂಡ ಅಥವಾ ಹೆಂಡತಿ, ಹತ್ತಿರದ ಬಂಧು, ಕಾನೂನಿನ ಪ್ರತಿನಿಧಿ ಬೋರ್ಡಿಗೆ ಬರೆಯಬಹುದು. ಮರಣ ಪ್ರಮಾಣಪತ್ರ, ಸಂಬಂಧದ ಪುರಾವೆ ಲಗತ್ತಿಸಬೇಕು. ವಾಷಿಂಗ್ಟನ್‌ನ ಕಾಂಗ್ರೆಷನಲ್ ಸ್ಮಶಾನದಲ್ಲಿ ಲಿಯೊನಾರ್ಡ್ ಮ್ಯಾಟ್ಲೊವಿಚ್ ಅವರ ಸಮಾಧಿ ಇದೆ. 1975ರಲ್ಲಿ ತಾನು ಗೇ ಎಂದು ಏರ್‌ಫೋರ್ಸ್‌ಗೆ ತಾನೇ ಬರೆದುಕೊಟ್ಟು ಹೋರಾಡಿದ ಸಾರ್ಜೆಂಟ್ ಅವರು. ಇಬ್ಬರನ್ನು ಕೊಂದದ್ದಕ್ಕೆ ಸೇನೆ ನನಗೆ ಪದಕ ಕೊಟ್ಟಿತು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಹಾಕಿತು ಎಂಬ ಅರ್ಥದ ಮಾತು ಆ ಕಲ್ಲಿನ ಮೇಲಿದೆ. ಕಲ್ಲಿನ ಮೇಲೆ ಅವರ ಹೆಸರಿಲ್ಲ, 'ಎ ಗೇ ವಿಯೆಟ್ನಾಂ ವೆಟರನ್' ಎಂದಷ್ಟೇ ಇದೆ. ನಿಮ್ಮ ಸಭೆಯಿಂದ ಆ ಕಡೆ ಹೋಗುವವರಿದ್ದರೆ ಒಮ್ಮೆ ನಿಂತು ಬರಲಿ.

ಬ್ರಿಟನ್ನಿನ ಮತ್ತು ಊರಿನ ಓದುಗರಿಗೆ

ಬ್ರಿಟನ್ನಿನಲ್ಲಿ ಸೇನೆಯ ನಿಷೇಧ 2000ದ ಜನವರಿ 12ರಂದು ಹೋಯಿತು. ಅಲ್ಲಿ 1967ರಿಂದ 2000ದವರೆಗೆ ಕೆಲಸ ಕಳೆದುಕೊಂಡವರಿಗೆ 50,000 ಪೌಂಡ್ ಕೊಡುವ ಯೋಜನೆ 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅವಧಿ ಎರಡು ವರ್ಷ. ಅಲ್ಲಿನ ಸಭೆಗಳು ತಡಮಾಡಬಾರದು.

ಭಾರತದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತು. ಆದರೆ 1950ರ ಸೇನಾ ಕಾಯ್ದೆಯ 46ನೇ ಕಲಮಿನಲ್ಲಿ 'ಅಸಹಜ' ನಡತೆ ಎಂಬ ಪದ ಇದೆ. ಸೇನೆಯಲ್ಲಿ ಇದಕ್ಕೆ ಅವಕಾಶ ಕೊಡುವುದಿಲ್ಲ ಎಂದು 2019ರಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಹೇಳಿದ್ದರು. ಹಾಗಾಗಿ ಮೇಲಿನ ಫಾರ್ಮ್‌ಗಳ ದಾರಿ ಊರಿನವರಿಗೆ ಇಲ್ಲ. ನಮ್ಮೂರಿನ ಸಭೆ ಸದ್ಯಕ್ಕೆ ಮಾಡಬಹುದಾದದ್ದು ಎರಡನೇ ಮತ್ತು ಮೂರನೇ ಹಂತ: ಗುಟ್ಟು ಕಾಯುವುದು, ಬಾಗಿಲು ತೆರೆದಿಡುವುದು.

12. ಹೊಸ ಕಾಗದ ಬಂದಾಗ

ಬೋರ್ಡ್ ಒಪ್ಪಿದ ಮೇಲೂ ಎರಡು ಕೆಲಸ ಬಾಕಿ ಇರುತ್ತವೆ, ಬಹಳ ಜನ ಮರೆಯುವುದು ಇವನ್ನೇ.

ತಿದ್ದುಪಡಿ ಎರಡು ರೀತಿಯಲ್ಲಿ ಬರಬಹುದು. ಒಂದು, ಡಿಡಿ-215 ಎಂಬ ತಿದ್ದೋಲೆ. ಅದು ಬಂದರೆ ಹಳೇ ಹಾಳೆ ಹಾಗೇ ಉಳಿದು ಅದರ ಪಕ್ಕದಲ್ಲಿ ಇದನ್ನು ಲಗತ್ತಿಸಿಕೊಳ್ಳಬೇಕು. ಅಂದರೆ 28ನೇ ಚೌಕ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಇನ್ನೊಂದು, ಹೊಸದಾಗಿ ಮುದ್ರಿಸಿದ ಡಿಡಿ-214. ಅರ್ಜಿಯಲ್ಲೇ "ಹೊಸ ಡಿಡಿ-214 ಕೊಡಿ" ಎಂದು ಸ್ಪಷ್ಟವಾಗಿ ಕೇಳಿ.

ಆಮೇಲೆ ಆ ವ್ಯಕ್ತಿ ಸೇನೆಯಿಂದ ಹೊರಬಂದ ಕಾಲದಲ್ಲಿ ಹಳೇ ಪತ್ರವನ್ನು ಕೌಂಟಿ ಕಚೇರಿಯಲ್ಲಿ ನೋಂದಾಯಿಸಿದ್ದರಾ ಎಂದು ಕೇಳಿ. ಕಳೆದುಹೋಗದಿರಲಿ ಎಂದು ಆಗ ಹಾಗೆ ಮಾಡಿಸುವ ರೂಢಿ ಇತ್ತು. ಕೆಲವು ಕಡೆ ಆ ಪುಸ್ತಕವನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಕೌಂಟಿ ಗುಮಾಸ್ತರ ಹತ್ತಿರ ಅವರ ಜೊತೆ ನೀವೂ ಹೋಗಿ. ಹಳೇ ಪ್ರತಿಯನ್ನು ತೆಗೆಯಲು ಅಥವಾ ಮುಚ್ಚಿಡಲು ಆ ರಾಜ್ಯದಲ್ಲಿ ಯಾವ ಅರ್ಜಿ ಇದೆ ಎಂದು ಕೇಳಿ, ಅಲ್ಲೇ ನಿಂತು ತುಂಬಿಸಿಕೊಟ್ಟು ಬನ್ನಿ.